ಕರಿದ ಎಣ್ಣೆ

ಗ್ರಿಮ್ಸ್‌ಬಿ ಬಂದರಿನ ಹಿಂದೆ ಎಲ್ವಿನ್ ಕ್ರ್ಯಾಗ್ಸ್
ಮೀನಂಗಡಿಯ ಕರಿದ ಎಣ್ಣೆ ಸೋಸುತ್ತಾನೆ
ಹೆಂಡತಿಯ ಹಳೇ ಕಾಲ್ಚೀಲದಲ್ಲಿ.

ಅವಸರ ಸಲ್ಲದು. ಗಸಿ ತಳದಲ್ಲೇ ಇರಲಿ.
ಫೆಬ್ರವರಿಯ ಚಳಿಗೆ ಎಣ್ಣೆ ಹೆರೆದುಪ್ಪ;
ಡಬ್ಬಿಯ ಮೈಮೇಲೆ ಬಿಸಿನೀರು ಹೊಯ್ದು ಎಬ್ಬಿಸಬೇಕು.
ಮೊದಲೆರಡು ಮೈಲಿ ಡೀಸೆಲ್ಲು, ಆಮೇಲೆ ಗುಂಡಿ ಒತ್ತಿದರೆ
ಹಳೇ ಪ್ಯೂಜೊ ಕೆಮ್ಮಿ, ಕ್ಯಾಕರಿಸಿ, ದಾರಿಗೆ ಬರುತ್ತದೆ.

ಹಿಂದೆ ಕಡಲಹಕ್ಕಿಗಳ ದಂಡು.
ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನ ಮಗು ಮೂಗರಳಿಸಿ
ಅಮ್ಮಾ, ಹಸಿವು ಅನ್ನುತ್ತದೆ.

ಈ ಸೋಮವಾರ ಮೀನಂಗಡಿಗೆ ಹಲಗೆ ಬಡಿದರು.
ಉಳಿದದ್ದು ಒಂದೇ ಡಬ್ಬಿ.
ಬೆಳಕಿಗೆ ಹಿಡಿದು ನೋಡುತ್ತಾನೆ: ಜೇನಿನ ಬಣ್ಣ,
ಯಾರ ಯಾರ ಶುಕ್ರವಾರಗಳೋ ಇದರಲ್ಲಿ ಬೆಂದದ್ದು.

ಲೌತ್‌ನಲ್ಲಿ ಚೀನೀಯರದೊಂದು ಹೋಟೆಲಿದೆಯಂತೆ, ಹದಿನಾರು ಮೈಲಿ.
ಹೋಗುವುದಕ್ಕೆ ಸಾಕು ಇದು.
ಬರುವುದು
ಅವರ ಬಾಣಲೆಯ ದಯೆ.