ಇಪ್ಪತ್ತೊಂಬತ್ತು, ಮೂವತ್ತು

ಮೊದಲು ನಿನ್ನ ಕಡೆಗೆ ವಾಲಿಸಬೇಕು,
ಮಲಗಿದ ಎಮ್ಮೆಯ ಕಿವಿಯಲ್ಲಿ ಗುಟ್ಟು ಹೇಳುವವನ ಹಾಗೆ ಬಾಗಿ.
ಒಳಗೆ ಪೆಟ್ರೋಲು ಗುಳಕ್ಕೆಂದ ಮೇಲೆ ಎತ್ತಿ ನಿಲ್ಲಿಸಿ
ಒಂದೇ ಒದೆ.
ಎರಡನೆಯದಕ್ಕೆ ಹೊತ್ತಿದರೆ ನಿನ್ನ ತಪ್ಪು,
ಮೂರನೆಯದಕ್ಕಾದರೆ ಪ್ಲಗ್ಗಿನ ತಪ್ಪು,
ನಾಲ್ಕಾಯಿತೋ, ದೂರ ಹೋಗಿ ಒಂದು ಬೀಡಿ ಸೇದು,
ಅದರ ಮೇಲೆ ಸಿಟ್ಟಾಗಬೇಡ
ಎಂದಿದ್ದರು ಮರಿಸಿದ್ದೇಗೌಡರು, ಕೀಲಿಕೈ ಕೊಡುವಾಗ.
ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮುಂದೆ
ಮೂವತ್ತೊಂದು ವರ್ಷ ನಿಂತವರು.
ಕೊಟ್ಟ ಹಣ ಎಣಿಸಲಿಲ್ಲ. ಹ್ಯಾಂಡಲ್ಲಿನ ಮೇಲೆ ಕೈಯಿಟ್ಟು
ಒಂದು ಸಲ ಹಾರನ್ ಹೊಡೆದರು,
ಯಾರೂ ಅಡ್ಡ ಇರಲಿಲ್ಲ.

ನನ್ನದು ಪಿಗ್ಮಿ ಕೆಲಸ.
ಪೇಟೆಬೀದಿಯಿಂದ ಗುತ್ತಲು ರಸ್ತೆಯವರೆಗೆ ಅಂಗಡಿ ಅಂಗಡಿಗೆ
ಇಪ್ಪತ್ತು, ಐವತ್ತು, ಇವತ್ತು ಬ್ಯಾಡ ನಾಳೆ ಬಾ.
ದಿನಕ್ಕೆ ಎಪ್ಪತ್ತು ಸಲ ನಿಲ್ಲಿಸಿ ಎಪ್ಪತ್ತು ಸಲ ಒದೆಯುವ ಬಾಳು.
ಬಲಗಾಲಿನ ಚಪ್ಪಲಿ ಮೊದಲು ಸವೆಯುತ್ತದೆ;
ಚಪ್ಪಲಿ ಅಂಗಡಿಯ ಸಂಪಂಗಿಯೂ ನನ್ನ ಗಿರಾಕಿಯೇ,
ಒಂಟಿ ಮಾತ್ರ ಮಾರಲ್ಲ ಸ್ವಾಮಿ ಎನ್ನುತ್ತಾನೆ.
ಕಬ್ಬು ಕಡಿಯುವ ಕಾಲ ಬಂದರೆ
ಟ್ರ್ಯಾಕ್ಟರು ಉದುರಿಸಿದ ತರಗಿನ ಮೇಲೆ ಮುಂಜಾನೆಯ ಇಬ್ಬನಿ,
ಬ್ರೇಕು ಮುಟ್ಟುವಂತಿಲ್ಲ.
ಗೇರು ಇಳಿಸು, ದೇವರನ್ನು ಆಮೇಲೆ ನೆನಿ:
ಇದೂ ಅವರದೇ ಮಾತು.

ದಸ್ತಗೀರನ ಶೆಡ್ಡಿನಲ್ಲಿ ಕಾರ್ಬೊರೇಟರು ಬಿಚ್ಚಿ
ತಟ್ಟೆಯ ಸೀಮೆಎಣ್ಣೆಯಲ್ಲಿ ತೊಳೆದಾಗ
ಒಂದು ಚಿಟಿಕೆ ಕೆಮ್ಮಣ್ಣು ಬಂತು, ಒಂದು ಇರುವೆ.
ಜೆಟ್ಟಿನ ತೂತಿಗೆ ಬಾಯಿಟ್ಟು ಊದಿ,
ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದ:
ಕಾಣ್ತೈತೆ ಸಾರ್, ಎದುರುಗಡೆ ಬೇಕರಿ ಪೂರ್ತಿ ಕಾಣ್ತೈತೆ.
ಆಮೇಲೆ, ಕೈ ಒರೆಸಿಕೊಳ್ಳುತ್ತ, ನನ್ನ ನೋಡದೆ:
ಹಳೇ ಯಜಮಾನ್ರು ಬಂದಿದ್ರು.
ಕ್ಲಚ್ ವೈರಿಗೆ ದುಡ್ಡು ಕೊಟ್ಟು ಹೋಗವ್ರೆ.

ಟೀ ಅಂಗಡಿಯ ಬೆಂಚಿನಲ್ಲಿ ಕೂತೇ ಅವರಿಗೆ ಗೊತ್ತಾಗುತ್ತದೆ.
ಆಯಿಲ್ ಜಾಸ್ತಿ ಹಾಕ್ಸಿದ್ದೀಯ ಕಣಯ್ಯ,
ಆ ಹೊಗೆ ನೋಡು, ನಮ್ ಚಿಮಣಿ ಕಂಡಂಗಾಯ್ತು.

ಆಷಾಢದಲ್ಲಿ ಅವರ ಮನೆಗೊಂದು ನೋಟೀಸು ಹೋಯಿತು:
ಹೆಲ್ಮೆಟ್ಟಿಲ್ಲ, ಐನೂರು ದಂಡ.
ಜೊತೆಗೆ ಸಿಗ್ನಲ್ಲಿನ ಕ್ಯಾಮೆರಾ ಹಿಡಿದ ಚಿತ್ರ.
ಮುಂದೆ ನಿಂತ ನನ್ನ ಮಗಳು ಇಂಚರ,
ಎದೆಗವಚಿಕೊಂಡ ಪರೀಕ್ಷೆಯ ರಟ್ಟು,
ಹಿಂದೆ ನಾನು, ಯಾರನ್ನೋ ಏನೋ ಕೇಳುವಂತೆ ಬಾಯಿ ತೆರೆದು.
ಹಣ ಹಿಡಿದು ಓಡಿದೆ. ಕಟ್ಟಿಯಾಗಿತ್ತು.
ನನ್ ಹೆಸ್ರು ಐತೆ, ನಾನೇ ಕಟ್ಬೇಕಲ್ವ?
ಕನ್ನಡಕ ಸಿಗಲಿಲ್ಲವೆಂದು ರಸೀದಿ ನನ್ನ ಕೈಗಿತ್ತು ಓದಿಸಿದರು.
ಮಾಲೀಕರು: ಮರಿಸಿದ್ದೇಗೌಡ ಬಿನ್ ಲೇಟ್ ಬೋರೇಗೌಡ.
ಇನ್ನೊಂದ್ಸಲ ಓದು ಎಂದರು.
ಕನ್ನಡಕ ಅಂಗಿಯ ಜೇಬಿನಲ್ಲೇ ಇತ್ತು.
ಚಿತ್ರ ಕೇಳಿದರೆ ಕೊಡಲಿಲ್ಲ, ಗೋಡೆಗನ್ನಡಿಯ ಅಂಚಿಗೆ
ಆಗಲೇ ಸಿಕ್ಕಿಸಿದ್ದರು.
ಗಾಡಿ ಚೆನ್ನಾಗಿ ಬಂದೈತೆ ಇದ್ರಲ್ಲಿ.

ಡಿಕ್ಕಿಯಲ್ಲಿ, ಸ್ಪೇರ್ ಪ್ಲಗ್ಗು ಸುತ್ತಿದ ಬಟ್ಟೆಯ ಕೆಳಗೆ,
ಫಾರಂ ಇಪ್ಪತ್ತೊಂಬತ್ತು, ಫಾರಂ ಮೂವತ್ತು.
ಕೊಂಡ ದಿನವೇ ಅವರು ಹಾಕಿದ ರುಜು
ಮೂರು ವರ್ಷದ ಎಣ್ಣೆ ಕುಡಿದು ಊದಿಕೊಂಡಿದೆ.
ಆರ್‌ಟಿಓ ಕಚೇರಿ ನನ್ನ ಲೈನಿನಲ್ಲೇ ಇದೆ,
ಅಲ್ಲಿಯ ಕ್ಯಾಂಟೀನಿನವನು ದಿನಾ ಮೂವತ್ತು ಕೊಡುತ್ತಾನೆ.
ಬರೆದುಕೊಳ್ಳುತ್ತೇನೆ, ಚೀಟಿ ಹರಿಯುತ್ತೇನೆ,
ಒಳಗಿನ ಕಿಟಕಿಯ ತನಕ ಕಾಲು ಹೋಗುವುದಿಲ್ಲ.

ನಿನ್ನೆ ಹೆಲ್ಮೆಟ್ಟು ಕೊಂಡೆ, ಇಂಚರಳಿಗೂ ಒಂದು ಪುಟಾಣಿಯದು.
ಟೀ ಅಂಗಡಿಯ ಮುಂದೆ ಅವರು ನನ್ನದನ್ನು ಇಸಿದುಕೊಂಡು
ಮಡಕೆ ನೋಡುವವರಂತೆ ಬೆರಳಿನಿಂದ ತಟ್ಟಿದರು.
ಇದ್ರೊಳಗೆ ಗಾಡಿ ಸದ್ದು ಕೇಳ್ತದಾ?
ಕೇಳ್ತದೆ ಎಂದೆ.
ವಾಲಿಸಿದೆ. ಎತ್ತಿದೆ.
ಮೂರನೆಯ ಒದೆಗೆ ಹೊತ್ತಿತು.
ಪ್ಲಗ್ಗು, ಅಂದರು ಬೆಂಚಿನಿಂದ.