ಮೂಲ ಅನ್ನುವ ಕಾಲಮ್ಮು

ಕೌಲ್‌ಬಜಾರಿನ ಹಳೇಸಾಮಾನಿನ ಅಂಗಡಿಯಲ್ಲಿ
ನಾನು ಲೆಡ್ಜರ್ ಬರೆಯುವವನು.
ವಸ್ತು, ಅಳತೆ, ಕೊಂಡ ಬೆಲೆ, ಮೂಲ.
ಹಿತ್ತಾಳೆ ಹೂಜಿಗೆ, ಗೋಡೆ ಗಡಿಯಾರಕ್ಕೆ
ಮೂಲ ಬರೆಯುವುದು ಸಲೀಸು,
ತಳದಲ್ಲೇ ಕೊರೆದಿರುತ್ತಾರೆ.

ಇದಕ್ಕೆ ತಳವೇ ಇಲ್ಲ.
ಅಂಗೈಯಗಲದ ತ್ರಿಕೋನ,
ಒಣಗಿದ ದಾಳಿಂಬೆ ಸಿಪ್ಪೆಯ ಕೆಂಪು,
ಅಂಚಿಗೆ ಸಾಸಿವೆ ಗಾತ್ರದ ಮಣಿ, ಕೆಳಗೆ ಏಳು ಕುಚ್ಚು,
ಕುಚ್ಚಿಗೊಂದು ಕವಡೆ. ಏಳನೆಯದು ಬೋಳು.

ಕಳಿಸಿದ ಮುಂಬಯಿಯವನು ತುರ್ಕ್‌ಮೆನ್ ಅಂದ.
ಕೊಳ್ಳಲು ಬಂದವನು ಕಚ್ಛ್ ಅಂದ, ಚೌಕಾಸಿಗೆ.
ಕಲೀಮುಲ್ಲಾ ಸಾಹೇಬರು ಕನ್ನಡಕ ಹಣೆಗೇರಿಸಿ
"ತುರ್ಕ್‌ಮೆನ್ ಆದರೆ ಹನ್ನೆರಡು ಸಾವಿರ,
ಲಂಬಾಣಿ ಆದರೆ ಎಂಟುನೂರು.
ಹೋಗು, ಕೇಳಿಕೊಂಡು ಬಾ" ಅಂದರು.

ತೋರಣಗಲ್ಲು ದಾಟಿ, ಅದಿರು ಲಾರಿಗಳ ಹಿಂದೆ ಹಿಂದೆಯೇ
ಸಂಡೂರು. ಅಲ್ಲಿಂದ ತಾಂಡಾ.
ಸೋಮ್ಲಿಬಾಯಿ ಎಡಗೈಯಲ್ಲಿ ಚಹದ ಬಸಿ ಹಿಡಿದು ಕೂತಿದ್ದಳು.
ಮುಂಬದಿ ನೋಡಲೇ ಇಲ್ಲ.
ಮಗುಚಿ ತೊಡೆಯ ಮೇಲಿಟ್ಟು
ಒಳಮೈಯ ದಾರಗಳನ್ನು ಉಗುರಿನಿಂದ ಮೀಟಿದಳು,
ಜ್ವರದ ಕೂಸಿನ ಹೊಟ್ಟೆ ಮುಟ್ಟಿದ ಹಾಗೆ.

"ಮುಖ ಯಾರು ಬೇಕಾದ್ರೂ ತೊಳಕೊಂಡು ಬರ್ತಾರ.
ಬೆನ್ನು ಸುಳ್ಳು ಹೇಳಂಗಿಲ್ಲ."

ಮೂಸಿದಳು.
"ಕುರಿ ಅಲ್ಲ. ಆಡೂ ಅಲ್ಲ."
ಒಂಟೆ ಇರಬಹುದೇ ಎಂದೆ.
"ನಮ್ಮ ಹಿರೇರು ಎತ್ತಿನ ಮ್ಯಾಲೆ ಉಪ್ಪು ಹೇರಿಕೊಂಡು ಬಂದೋರು.
ಒಂಟೀನ ನಾ ಸರ್ಕಸ್ಸಿನಾಗ ನೋಡೀನಿ.
ಮೂಸಿಲ್ಲ."

ತನ್ನ ಕಾಂಚಳಿಯ ತೋಳು ಎಳೆದು ಪಕ್ಕಕ್ಕಿಟ್ಟಳು.
ಎರಡರಲ್ಲೂ ಕವಡೆ,
ಎರಡೂ ಸಮುದ್ರ ಕಾಣದ ಊರಿನವು.
"ಕವಡಿ ಒಂದ. ಕಟ್ಟೋದು ಬ್ಯಾರೆ.
ನಾವು ಗಂಟು ಹೊರಗ ಬಿಡ್ತೀವಿ, ಇವರು ಒಳಗ ನುಂಗಿಸ್ಯಾರ.
ನಾಚಿಕಿ ಮಂದಿ ಇರಬೇಕು.
ಇಲ್ಲಾಂದ್ರ ಗಾಳಿ ಭಾಳ ಇರೋ ಊರು."

ಅಷ್ಟು ಸಾಕಿತ್ತು ಲೆಡ್ಜರಿಗೆ. ಏಳಬೇಕೆನ್ನುವಾಗ
ಅವಳ ಉಗುರು ಐದನೇ ಕುಚ್ಚಿನ ಬುಡದಲ್ಲಿ ನಿಂತಿತು.
ಅಲ್ಲಿ ಉಣ್ಣೆಯಲ್ಲ, ಹತ್ತಿಯ ನೂಲು.
ಗಂಟು ಹೊರಗೆ.
ಹನ್ನೊಂದು ಹೊಲಿಗೆ, ಎಲ್ಲವೂ ಉಲ್ಟಾ ವಾಲಿದವು.

"ಇದು ಮಾತ್ರ ನಮ್ಮದು."
"ಯಾರದ್ದು, ಯಾಡೀ?"
ಬಸಿಯ ಚಹಕ್ಕೆ ಕೆನೆ ಕಟ್ಟಿತು.

"ಹಂಪಿಯಾಗ ಬಟ್ಟಿ ಹರವಿಕೊಂಡು ಕೂಡ್ತಿದ್ವಿ ಆವಾಗ.
ಬೆಕ್ಕಿನ ಕಣ್ಣಿನ ಒಬ್ಬಾಕಿ, ಬರಿಗಾಲು, ಹರಿದ ಚೀಲ.
ಎರಡು ರೂಪಾಯಿ ಕೊಟ್ಲು.
ಇನ್ನೆರಡು ನಾಳೆ ಕೊಡ್ತೀನಂತ ಬೆರಳು ತೋರಿಸಿದ್ಲು."

ತಗಡಿನ ಡಬ್ಬಿ ತೆರೆದು ಒಂದು ಕವಡೆ ಆರಿಸಿದಳು.
ನಾನು ಬೇಡವೆನ್ನಬೇಕಿತ್ತು;
ರಿಪೇರಿ ಎಂದರೆ ರೇಟು ಬೀಳುತ್ತದೆ.
ಅಷ್ಟರಲ್ಲಿ ದಾರ ಹಲ್ಲಿನಲ್ಲಿ ಕಡಿದಾಗಿತ್ತು.

ರಾತ್ರಿ ಬಳ್ಳಾರಿಯಲ್ಲಿ, ಕರೆಂಟು ಬಂದ ಮೇಲೆ ಬರೆದೆ:
ಮೂಲ, ತುರ್ಕ್‌ಮೆನ್ ಇರಬಹುದು.
ಅದರ ಕೆಳಗೆ ಕಾಲಮ್ಮಿಲ್ಲದ ಜಾಗದಲ್ಲಿ:
ಬಾಕಿ, ಎರಡು ರೂಪಾಯಿ, ಸೋಮ್ಲಿಬಾಯಿಗೆ.
ಸಾಹೇಬರು ಎರಡು ಸಲ ಓದಿದರು.
ಪೆನ್ನು ಕೇಳಲಿಲ್ಲ.