ನೂರ ನಲವತ್ತೊಂದು

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನೆದುರು
ನಾನು ಜೆರಾಕ್ಸ್ ಅಂಗಡಿಯ ಹುಡುಗಿ.
ದಿನಕ್ಕೆ ನೂರು ಆಧಾರ್ ಕಾರ್ಡು
ನನ್ನ ಗಾಜಿನ ಮೇಲೆ ಬೋರಲು ಮಲಗುತ್ತವೆ.
ಅದಕ್ಕೇ ಗೊತ್ತು ನನಗೆ:
ಈ ಊರಿನ ಅಮ್ಮಂದಿರಲ್ಲಿ ಅರ್ಧ ಜನ
ಜೂನ್ ಒಂದಕ್ಕೆ ಹುಟ್ಟಿದವರು,
ಉಳಿದರ್ಧ ಜನವರಿ ಒಂದಕ್ಕೆ.
ಬರೆಯುವಾಗ ಯಾವ ಮೇಷ್ಟರಿಗೆ
ಊಟದ ಹೊತ್ತಾಗಿತ್ತೋ.

ನಮ್ಮಮ್ಮ ನಾರೆಮ್ಮ, ಜೂನ್ ಗುಂಪಿನವಳು.
"ಜೂನೂ ಇಲ್ಲ ಗೀನೂ ಇಲ್ಲ, ಅವರೆಕಾಯಿ ಕಾಲ.
ನಮ್ಮವ್ವ ಅವರೆ ಹಿಸುಕ್ತಾ ಕುಂತಿದ್ಲಂತೆ,
ಮೊರ ಅಂಗೇ ಬಿಟ್ಟು ಎದ್ಲಂತೆ."

ಹೋದ ಜೂನಿನಲ್ಲಿ ಒಂದು ಹಾಟ್‌ಪ್ಯಾಕ್ ಕೊಟ್ಟೆ,
ಮುನ್ನೂರ ಎಂಬತ್ತು ರೂಪಾಯಿ.
ಮುಚ್ಚಳ ತೆಗೆದಳು, ಮುಚ್ಚಿದಳು,
ಮಾರನೆಯ ದಿನ ತಾನೇ ಅಂಗಡಿಗೆ ಹೋಗಿ
ಜಗಳವಾಡಿ ವಾಪಸು ಕೊಟ್ಟು
ಎರಡು ಕೇಜಿ ಬೇಳೆ, ಮಿಕ್ಕಿದ ಚಿಲ್ಲರೆ ತಂದಳು.

ಈ ಸಲ ಅವರೆಯ ತನಕ ಕಾದೆ.
ಬಳೆ? ಕುದಿನೀರಿನ ಬೇಸಿನ್ನಿಗೆ ಕೈ ಹಾಕುವವಳಿಗೆ ಬಳೆಯೇ?
ಚಪ್ಪಲಿ? ಇಟ್ಟುಕೊಳ್ಳುತ್ತಾಳೆ, ಪೆಟ್ಟಿಗೆಯಲ್ಲೇ.
ಕೈಗೆ ಹಚ್ಚುವ ಕ್ರೀಮು?
ಇಪ್ಪತ್ತೆರಡು ವರ್ಷ ಗೂಡಿನಿಂದ ಎಳೆ ತೆಗೆದು ತೆಗೆದು
ಬೆರಳಲ್ಲಿ ಗೆರೆಯೇ ಉಳಿದಿಲ್ಲ.
ರೇಷನ್ ಅಂಗಡಿಯ ಮಿಷನ್ನು
ಪ್ರತಿ ತಿಂಗಳೂ ಅವಳನ್ನು ಯಾರೋ ಅನ್ನುತ್ತದೆ.

ಟ್ರಂಕಿನ ತಳದಲ್ಲಿ ಅಜ್ಜಿಯ ಪೆನ್ಷನ್ ಪುಸ್ತಕವಿತ್ತು.
ಒಳಗೆ ಅಂಚೆಚೀಟಿಗಿಂತ ಒಂದಿಷ್ಟು ದೊಡ್ಡ ಫೋಟೊ,
ಗಲ್ಲದ ಮೇಲೆ ತಾಲ್ಲೂಕು ಆಫೀಸಿನ ಮೊಹರು ಅರ್ಧ.
ಅಕ್ಕಲಮ್ಮನ ಮುಖ ಲೋಕದಲ್ಲಿ ಇದೊಂದೇ ಕಡೆ ಇರುವುದು.

ಸಾದಿಕಣ್ಣ ನಮಾಜಿಗೆ ಹೋದ ಹೊತ್ತು
ಗಾಜಿನ ಮೇಲಿಟ್ಟೆ.
ಇನ್ನೂರು ಪರ್ಸೆಂಟು. ಅದನ್ನಿಟ್ಟು ಮತ್ತೆ ಇನ್ನೂರು.
ಅಜ್ಜಿ ಬಂದಳು, ದೊಡ್ಡವಳಾದಳು,
ಇನ್ನೊಂದು ಸಲಕ್ಕೆ ಚೆಲ್ಲಿಹೋದಳು:
ಬರೀ ಚುಕ್ಕೆ, ರಾಗಿ ಚೆಲ್ಲಿದ ಹಾಗೆ.
ಹಿಂದೆ ಬಂದೆ. ನೂರ ನಲವತ್ತೊಂದು ಒತ್ತಿದೆ.
ಅಲ್ಲಿ ನಿಂತಳು.
ಇನ್ನೊಂದು ಹೆಜ್ಜೆ ಹತ್ತಿರ ಹೋದರೆ ಇಲ್ಲ,
ಅಷ್ಟು ದೂರದಲ್ಲಿ.

ಕೆಟ್ಟವೂ ಸೇರಿ ಏಳು ಹಾಳೆ, ಹದಿನಾಲ್ಕು ರೂಪಾಯಿ.
ಲ್ಯಾಮಿನೇಷನ್ ಇಪ್ಪತ್ತು.
ಸಾದಿಕಣ್ಣ ಬಂದು ಹಾಳೆ ನೋಡಿದರು, ನನ್ನ ನೋಡಿದರು,
ಇಪ್ಪತ್ತನ್ನು ಮಾತ್ರ ತೆಗೆದುಕೊಂಡರು.

ಸಂಜೆ ಅಮ್ಮ ಹುಳದ ವಾಸನೆ ಹೊತ್ತು ಬಂದಳು.
ಕೈ ತೊಳೆದಳು, ಸೆರಗಿಗೆ ಒರೆಸಿದಳು,
ಮತ್ತೆ ಒರೆಸಿದಳು.
ಬೆಳಕಿಗೆ ಹಿಡಿದು ನೋಡುತ್ತ ನಿಂತಳು, ಬಹಳ ಹೊತ್ತು.
ಕುಕ್ಕರು ಎರಡು ಸಲ ಕೂಗಿತು.

"ಮೂಗಲ್ಲಿ ನೋಡೇ," ಅಂದಳು.
ನಾನು ಕೊಳೆ ಅಂದುಕೊಂಡಿದ್ದೆ, ಅಳಿಸಲೂ ನೋಡಿದ್ದೆ.
"ಬೇವಿನ ಕಡ್ಡಿ. ತೂತು ಮುಚ್ಕೊಂಡೋಗ್ದಿರ್ಲಿ ಅಂತ.
ಬೊಟ್ಟು ಮಾರ್ದಾಗಿಂದ ಸಾಯಗಂಟ ಇತ್ತು."
ಯಾಕೆ ಮಾರಿದ್ದು, ನಾನು ಕೇಳಲಿಲ್ಲ.
ಅವಳು ಹೇಳಲಿಲ್ಲ.
ಆ ಕಡ್ಡಿಯ ಮೇಲೆ
ಗೆರೆಯಿಲ್ಲದ ಹೆಬ್ಬೆರಳು ಇಟ್ಟಿದ್ದಳು.
ತೆಗೆದಾಗ ಪ್ಲಾಸ್ಟಿಕ್ಕಿನ ಮೇಲೆ ಸಣ್ಣದೊಂದು ಮಂಜು,
ನೋಡುತ್ತಿದ್ದಂತೆ ಆರಿತು.

ಆಮೇಲೆ ಬಂತು, ಬರಬೇಕಾದದ್ದು:
"ಎಷ್ಟಾಯ್ತು?"
"ಇಪ್ಪತ್ತು."
ಸುಳ್ಳೇನೋ ಅಂತ ಮುಖ ನೋಡಿದಳು.
ಅಂಗಡಿಗೆ ವಾಪಸು ಕೊಡಲಾಗದ್ದು
ಎಂದು ಅವಳಿಗೆ ಹೊಳೆದದ್ದು ನನಗೆ ಕಂಡಿತು.

ಹಿಟ್ಟಿನ ಡಬ್ಬದ ಹಿಂದೆ, ಹಬೆ ತಾಗದ ಕಡೆ ನಿಲ್ಲಿಸಿದಳು.
ತಟ್ಟೆಗೆ ಮುದ್ದೆ ಹಾಕಿದಳು, ಹಿತಕಿದವರೆ ಸಾರು ಬಿಟ್ಟಳು.
ಅರ್ಧ ಊಟದಲ್ಲಿ ಕೈ ನಿಲ್ಲಿಸಿ,
"ಚೇಳೂರಿನ ಪೆದ್ದಕ್ಕನಿಗೊಂದು,
ಮುಳಬಾಗಿಲಿನ ಚಿಕ್ಕವಳಿಗೊಂದು,
ನಮ್ಮಣ್ಣನ ಹೆಂಡ್ತಿಗೆ... ಓಗ್ಲಿ, ಅವಳಿಗೂ ಒಂದು.
ಮೂರೂ ಒಟ್ಟಿಗೆ ಮಾಡ್ಸಿದ್ರೆ
ಏನಾದ್ರೂ ಕಮ್ಮಿ ಮಾಡ್ತಾರೇನೇ?"